ಶನಿವಾರದ ಸಭೆ: ಪೋಸ್ಟರ್‌ಗಿಂತ ಮೊದಲು ಪೇಟೆಂಟ್

ಎಲ್ಲರಿಗೂ ನಮಸ್ಕಾರ.

ಲ್ಯಾಬ್‌ನಲ್ಲಿ ಮಾಡಿದ್ದನ್ನು ಕಂಪನಿಯಾಗಿ ಬೆಳೆಸುವ ಆಸೆ ಇರುವವರೆಲ್ಲ ಈ ಶನಿವಾರ ಬೆಳಿಗ್ಗೆ 10:30ಕ್ಕೆ ವಿಭಾಗದ ಸೆಮಿನಾರ್ ಹಾಲ್‌ಗೆ ಬನ್ನಿ. ಗೈಡ್‌ಗಳನ್ನೂ ಕರೆತಂದರೆ ಒಳ್ಳೆಯದು. "ಮೇಷ್ಟ್ರಿಗ್ಯಾಕೆ ಕಂಪನಿ?" ಅಂದರೆ, 2000ದಲ್ಲೇ ಐಐಎಸ್‌ಸಿಯ ನಾಲ್ವರು ಪ್ರಾಧ್ಯಾಪಕರು ಸ್ಟ್ರಾಂಡ್ ಜೀನಾಮಿಕ್ಸ್ ಕಟ್ಟಿದ್ದನ್ನು ನೆನಪಿಸಿ 🙂

ಮುಂದಿನ ತಿಂಗಳು ಸಮ್ಮೇಳನದಲ್ಲಿ ಸಂಶೋಧನೆಯ ಪೋಸ್ಟರ್ ಹಾಕುವವರು, ಪೇಪರ್ ಕಳಿಸುವವರು ದಯವಿಟ್ಟು ಸ್ವಲ್ಪ ತಡೆಯಿರಿ. ಒಮ್ಮೆ ಬಹಿರಂಗವಾದರೆ ಆಮೇಲೆ ಪೇಟೆಂಟ್ ಸಿಗುವುದು ತುಂಬಾ ಕಷ್ಟ. ಮೊದಲು ಪ್ರೊವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಇರುತ್ತದೆ. ಪೇಪರ್ ಆಮೇಲೂ ಬರೆಯಬಹುದು ಅಲ್ವಾ?

ಇನ್ನೊಂದು ವಿಷಯ. ಪೇಟೆಂಟ್ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಹೆಸರಲ್ಲೇ ಇರುತ್ತದೆ, ನಮ್ಮ ಕಂಪನಿ ಅದರ ಲೈಸೆನ್ಸ್ (ಬಳಸುವ ಅನುಮತಿ) ಪಡೆಯಬೇಕು. ಗೂಗಲ್‌ನ ಪೇಜ್‌ರ್‍ಯಾಂಕ್ (ಹುಡುಕಾಟದಲ್ಲಿ ಪುಟಗಳನ್ನು ಕ್ರಮಕ್ಕೆ ಹಾಕುವ ವಿಧಾನ) ಪೇಟೆಂಟ್ ಕೂಡ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಲ್ಲಿತ್ತು. ಲೈಸೆನ್ಸ್‌ಗಾಗಿ ಗೂಗಲ್ ತನ್ನ ಷೇರು ಕೊಟ್ಟಿತು.

ಬರುವಾಗ ಒಂದೇ ಪುಟ ಬರೆದು ತನ್ನಿ: ಏನು ಹೊಸದು, ಯಾರ ಅನುದಾನದಲ್ಲಿ ಮಾಡಿದ್ದು, ದುಡ್ಡು ಕೊಟ್ಟು ಕೊಳ್ಳುವವರು ಯಾರು. ಕೊನೆಯದಕ್ಕೆ ಜಾಸ್ತಿ ಯೋಚಿಸಿ. ಒಳಗುಟ್ಟನ್ನು ಮಾತ್ರ ಇಲ್ಲಿ ಗುಂಪಿನಲ್ಲಿ ಹಾಕಬೇಡಿ!

ಬರುವವರು ಗುರುವಾರ ಸಂಜೆಯೊಳಗೆ ಹೆಸರು ಹಾಕಿ. ಕಾಫಿಗೆ ಲೆಕ್ಕ ಬೇಕು.