ನಮ್ಮ ಓಣಿಯ ಆಪಾಗೆ, ಮತ್ತು ಉಳಿದ ಎಲ್ಲರಿಗೂ

ರೂಪ ಬದಲಿಸಿ ತೋರಿಸುವ ಟಿವಿ ಮೇಕ್ಓವರ್ ಕಾರ್ಯಕ್ರಮದಲ್ಲಿ ನನ್ನ ಎಪಿಸೋಡ್ ಪ್ರಸಾರವಾದಾಗಿನಿಂದ ಫೋನ್ ಬಿಡುವಿಲ್ಲದೆ ಬರುತ್ತಿದೆ. ಬೀದರ್‌ನ ಚಿಕ್ಕಮ್ಮನಿಂದ ಹಿಡಿದು ಶಹಾಬಾದ್‌ನ ಹಳೇ ಕ್ಲಾಸ್‌ಮೇಟ್‌ವರೆಗೆ ಎಲ್ಲರೂ ಮಾತಾಡಿಸಿದ್ದೀರಿ. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೊನ್ನು ಯಾವಾಗ ಶುರುವಾಯಿತು, ಯಾವ ಡಾಕ್ಟರು, ಯಾವ ಮುಲಾಮು ಅನ್ನೋದೆಲ್ಲ ನಿಮಗೆ ಗೊತ್ತಿದ್ದದ್ದೇ. ಅದು ಬೇಡ. ಟಿವಿಯಲ್ಲಿ ಬಂದದ್ದನ್ನೂ ನೋಡಿದ್ದೀರಿ: ಇಳಕಲ್ ಸೀರೆ, ಖಣದ ಕುಪ್ಪಸ, ಮೊಣಕೈ ಮೇಲೇ ನಿಂತ ತೋಳು, ಕನ್ನಡಿಯ ಪರದೆ ಸರಿದಾಗ ನನ್ನ ಮುಖ. ನನಗೆ ಹೇಳಬೇಕಾದದ್ದು ಟಿವಿಯಲ್ಲಿ ಬಾರದೇ ಇದ್ದದ್ದು. ಯಾಕಂದ್ರೆ ನಾನು ಯಾರ ಋಣದಲ್ಲಿ ಎಲ್ಲರಿಗಿಂತ ಜಾಸ್ತಿ ಇದ್ದೀನೋ ಅವರು ಒಂದು ಫ್ರೇಮಿನಲ್ಲೂ ಇಲ್ಲ.

ಮೊದಲು ಮನೆಯವರಿಗೆ, ಕೆಲಸದವರಿಗೆ. ವಿಡಿಯೋ ಮಾಡಿ ಅರ್ಜಿ ಹಾಕಿದ ಮಗಳಿಗೆ, ತೊಗರಿ ಸೀಸನ್ನಿನಲ್ಲಿ ಮಿಲ್ ಮುಂದೆ ಲಾರಿಗಳು ಸಾಲು ನಿಂತಿರುವಾಗಲೂ ಲೆಕ್ಕ ಬರೆಯುವವಳಿಗೆ ರಜೆ ಕೊಟ್ಟ ದಾಲ್ ಮಿಲ್ ಮಾಲೀಕರಿಗೆ, ನನ್ನ ಲೆಡ್ಜರುಗಳನ್ನು ತಮ್ಮ ಟೇಬಲ್ಲಿಗೆ ಎಳೆದುಕೊಂಡ ಗೆಳತಿಯರಿಗೆ, ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಒಬ್ಬರೇ ನೋಡಿಕೊಂಡ ಯಜಮಾನರಿಗೆ, ಸ್ಟೇಷನ್ನಿಗೆ ಬಂದು ಖಡಕ್ ರೊಟ್ಟಿ, ಶೇಂಗಾ ಹಿಂಡಿಯ (ಚಟ್ನಿಪುಡಿಯ) ಗಂಟು ಕೊಟ್ಟ ನಾದಿನಿಗೆ ನಮಸ್ಕಾರ. ನೀವು ಇಲ್ಲದಿದ್ದರೆ ನಾನು ಕಲಬುರಗಿ ದಾಟುತ್ತಲೇ ಇರಲಿಲ್ಲ.

ಇನ್ನು ಆಪಾ.

ಆಪಾ ನಮ್ಮ ಓಣಿಯ ಟೇಲರ್. ಮನೆಯ ಮುಂದಿನ ಖೋಲಿಯೇ ಅಂಗಡಿ. ಶಹಾಬಾದ್ ಕಲ್ಲಿನ ನೆಲ, ಕಿಟಕಿ ಪಕ್ಕ ಮಷೀನು, ಗೋಡೆ ತುಂಬ ಅರ್ಧ ಹೊಲಿದ ಕುಪ್ಪಸ. ನನ್ನ ಕೈ ಮೇಲೆ ಮೊದಲ ಬಿಳಿ ಮಚ್ಚೆ ಕಂಡಾಗಿನಿಂದ ನನ್ನ ಎಲ್ಲ ಬ್ಲೌಸುಗಳನ್ನು ಹೊಲಿದವರು ಅವರೇ. ತೋಳು ಮಣಿಕಟ್ಟಿನವರೆಗೆ. ನಮ್ಮೂರ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಅದರಲ್ಲೂ ತುಂಬುತೋಳು. "ಇಷ್ಟು ಸೆಖಿಯಾಗ ಇದ್ಯಾಕ?" ಅಂತ ಎಲ್ಲರೂ ಕೇಳಿದ್ದಾರೆ. ಆಪಾ ಯಾವತ್ತೂ ಕೇಳಲಿಲ್ಲ. ಅಳತೆ ಬರೆದುಕೊಳ್ಳುತ್ತಿದ್ದರು, ಅಷ್ಟೇ. ಒಮ್ಮೆ ಬ್ಲೌಸ್ ಒಗೆಯುವಾಗ ನೋಡಿದೆ, ಕಂಕುಳ ಹತ್ತಿರ ಒಂದು ಸಣ್ಣ ಚೌಕದ ತುಂಡು ಸೇರಿಸಿದ್ದರು. ಗಾಳಿ ಆಡಲಿ, ತೋಳು ಎತ್ತುವಾಗ ಬಿಗಿಯಾಗದಿರಲಿ ಅಂತ. ಹಳೇ ಬ್ಲೌಸುಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅದಿತ್ತು. ಅದಕ್ಕೆ ಒಂದು ರೂಪಾಯಿ ಜಾಸ್ತಿ ತಗೊಂಡಿರಲಿಲ್ಲ, ಒಂದು ಮಾತು ಆಡಿರಲಿಲ್ಲ.

ಬೆಂಗಳೂರಿಗೆ ಜೊತೆಗೆ ಯಾರು ಬರಬೇಕು ಅನ್ನುವ ಪ್ರಶ್ನೆ ಎದ್ದಾಗ "ನಾ ಬರ್ತೀನಿ, ನಡಿ" ಅಂದವರು ಅವರು. ಕೈಯಲ್ಲಿ ಮದುವೆ ಬಟ್ಟೆಗಳ ರಾಶಿ ಇತ್ತು. ಅದನ್ನು ಸೊಸೆಗೆ ಒಪ್ಪಿಸಿ, ಕತ್ತರಿ, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡು ಹೊರಟೇ ಬಿಟ್ಟರು.

ಶೂಟಿಂಗ್ ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಮೊದಲು 'ಹಿಂದಿನ ರೂಪ' ಅಂತ ನಮ್ಮ ಸ್ವಂತ ಬಟ್ಟೆಯಲ್ಲಿ ಚಿತ್ರ ತೆಗೆಯುತ್ತಾರೆ. ಕೊನೆಯ ರೂಪಕ್ಕೆ ನಾನು ಒಯ್ದಿದ್ದ ಸಣ್ಣ ಚೌಕಡಿಯ ಇಳಕಲ್ ಬೇಡ ಅಂದರು, ಅಂಥ ಸಣ್ಣ ಗೆರೆಗಳು ಕ್ಯಾಮೆರಾದಲ್ಲಿ ನಡುಗಿದಂತೆ ಕಾಣುತ್ತವಂತೆ. ಅಮ್ಮನ ಹಳೇ ಸಾದಾ ಒಡಲಿನ ಸೀರೆ, ಕೆಂಪು-ಬಿಳಿ ತೋಪ ತೆನಿ ಸೆರಗಿನದ್ದು, ಅದೇ ಆಯ್ಕೆಯಾಯಿತು. ನನಗೆ ಅದು ತುಂಬ ಸಂತೋಷದ ಗಳಿಗೆ.

ಆಮೇಲೆ ಮೇಕಪ್ ಟೆಸ್ಟ್. ಮುಖ, ಕತ್ತು, ಕೈಗೆಲ್ಲ ಮಚ್ಚೆ ಮುಚ್ಚುವ ದಪ್ಪ ಕನ್ಸೀಲರ್ ಹಚ್ಚಿದರು. ಸ್ಟುಡಿಯೋ ಲೈಟಿನ ಬಿಸಿಗೆ ಅರ್ಧ ಗಂಟೆಯಲ್ಲಿ ಮೊಣಕೈ ಹತ್ತಿರ ಬಿರುಕು ಬಿಟ್ಟಿತು. ಮತ್ತೆ ಹಚ್ಚಿದರು, ಮತ್ತೆ ಒಡೆಯಿತು. ಆಗ ಹಿಂದಿನಿಂದ ಯಾರೋ ಹೇಳಿದ್ದು ಕೇಳಿಸಿತು: "ಹಾಗೇ ತೋರಿಸಿದ್ರೆ ಊಟದ ಹೊತ್ತಲ್ಲಿ ಜನ ಚಾನೆಲ್ ಬದಲಾಯಿಸ್ತಾರೆ." ಅವರು ಯಾರು ಅನ್ನೋದು ಬೇಡ. ಮರುದಿನ ಬಂದು ಕ್ಷಮೆ ಕೇಳಿದರು, ನಾನೂ ಮನಸ್ಸಿಂದ ತೆಗೆದುಹಾಕಿದ್ದೇನೆ.

ಆದರೆ ಆ ರಾತ್ರಿ ತೆಗೆದುಹಾಕಲು ಆಗಲಿಲ್ಲ. ಹೋಟೆಲ್ ರೂಮಿಗೆ ಬಂದವಳೇ ಬ್ಯಾಗ್ ತುಂಬಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಹೊರಟುಹೋಗಿತ್ತು. ಬಸ್ಸಾದರೂ ಸರಿ, ಮನೆಗೆ ಹೋಗಬೇಕು ಅಂತ ಹಟ ಹಿಡಿದೆ. ಎಷ್ಟೋ ವರ್ಷದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ಸೀಮಂತದ ದಿನ ಬಳೆ ಇಡಿಸಲು ಬಂದವಳು ನನ್ನ ಕೈ ನೋಡಿ, ಬಳೆಗಳನ್ನು ತಟ್ಟೆಯಲ್ಲಿಟ್ಟು "ನೀವೇ ಹಾಕ್ಕೋರಿ" ಅಂದದ್ದು. ಇದು ಅಂಟುವ ರೋಗವಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮದೇ ದೇಹ ಹೊಡೆದುಹಾಕುತ್ತದೆ ಅಷ್ಟೇ, ಮುಟ್ಟಿದರೆ ಯಾರಿಗೂ ಬರೋದಿಲ್ಲ ಅಂತ ಎಷ್ಟು ಜನಕ್ಕೆ ಹೇಳಿ ಹೇಳಿ ಸೋತಿದ್ದೆ. ನೆಂಟರು ಬಂದರೆ ಅಮ್ಮ ಕಣ್ಣಲ್ಲೇ "ಸೆರಗು ಎಳಕೋ" ಅನ್ನುತ್ತಿದ್ದದ್ದು. ಅಮ್ಮ ಈಗ ಇಲ್ಲ. ಅವಳ ಸೀರೆ ಮಂಚದ ಮೇಲಿತ್ತು. ನನಗೆ ಅವಳ ಮೇಲೂ ಸಿಟ್ಟು ಬಂತು, ಬಂದದ್ದಕ್ಕೆ ಇನ್ನೂ ಜಾಸ್ತಿ ಅತ್ತೆ.

ಆಪಾ ಸಮಾಧಾನ ಹೇಳಲಿಲ್ಲ. "ನೀ ಚಂದ ಇದ್ದೀ" ಅನ್ನಲಿಲ್ಲ. ಅಳೋದು ಮುಗಿಯುವವರೆಗೆ ನನ್ನ ಎರಡೂ ಕೈ ಹಿಡಿದು ಕೂತಿದ್ದರು. ಆಮೇಲೆ ನಮಾಜ್ ಮುಗಿಸಿದರು, ರೊಟ್ಟಿ ಮುರಿದು ನೀರಲ್ಲಿ ಸ್ವಲ್ಪ ಮೆದು ಮಾಡಿ ಹಿಂಡಿ ಹಚ್ಚಿ ಕೊಟ್ಟರು. ನಾನು ತಿಂದ ಮೇಲೆ ಖಣದ ಕುಪ್ಪಸ ತೆಗೆದರು. ಅದನ್ನು ಊರಲ್ಲೇ ತುಂಬುತೋಳಿಟ್ಟು ಹೊಲಿದಿದ್ದರು.

"ತೋಳು ತೆಗೀಲ್ಯಾ, ಬಿಡಲ್ಯಾ?" ಅಂದರು.

ನನಗೆ ಬಾಯಿ ಬರಲಿಲ್ಲ.

"ಈಗ ಹೇಳಬ್ಯಾಡ. ಮುಂಜಾನಿ ಹೇಳು. ಎರಡಕ್ಕೂ ಬರೋಹಂಗ ಇಟ್ಟಿರ್ತೀನಿ."

ನನ್ನ ನಿದ್ದೆ ಕೆಡಬಾರದು ಅಂತ ರೂಮಿನ ಲೈಟ್ ಆರಿಸಿ, ಬಾತ್‌ರೂಮಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನಾನು ಮಲಗಿದ ಹಾಗೆ ಮಾಡಿ ನೋಡುತ್ತಿದ್ದೆ. ಮೊಣಕೈ ಮೇಲೆ ತೋಳನ್ನು ಕತ್ತರಿಸಿದರು. ಮೇಲಿನ ತುಂಡಿಗೆ ಅಂಚು ಮಡಚಿ, ಹೊರಗೆ ಕಾಣದಷ್ಟು ಸಣ್ಣ ಹೆಮ್ಮಿಂಗ್ ಹಾಕಿದರು. ಕೆಳಗಿನ ತುಂಡಿಗೂ ಅಂಚು ಕಟ್ಟಿದರು. ಆಮೇಲೆ ಎರಡನ್ನೂ ಒಂದೇ ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಜೋಡಿಸಿದರು. ಗಂಟು ಒಂದೇ ಕಡೆ, ತೋಳಿನ ಒಳಗೆ. ಎಳೆದರೆ ಅರ್ಧತೋಳು, ಬಿಟ್ಟರೆ ತುಂಬುತೋಳು. ಎರಡು ತೋಳು ಮುಗಿಯುವಷ್ಟರಲ್ಲಿ ಕಿಟಕಿ ಬೆಳಗಾಗಿತ್ತು. ಎದ್ದು ಸೊಂಟ ಹಿಡಿದುಕೊಂಡು ನಿಂತು, ಬೆಳಗಿನ ನಮಾಜ್ ಫಜರ್‌ಗೆ ಹೋದರು. ಅರವತ್ತು ದಾಟಿದ ಕಣ್ಣು ಅವರದ್ದು.

ಬೆಳಿಗ್ಗೆ ಗ್ರೀನ್ ರೂಮಿನಲ್ಲಿ ಆ ಎರಡು ದಾರಗಳನ್ನು ನಾನೇ ಎಳೆದೆ. ಕ್ಯಾಮೆರಾ ಇನ್ನೂ ಆನ್ ಆಗಿರಲಿಲ್ಲ, ಹಾಗಾಗಿ ನೀವ್ಯಾರೂ ಅದನ್ನು ನೋಡಿಲ್ಲ.

ಸ್ಟೈಲಿಸ್ಟ್ ಹುಡುಗಿಗೂ ಇಲ್ಲಿ ದೊಡ್ಡ ನಮಸ್ಕಾರ. ನನ್ನ ಕೈ ನೋಡಿದವಳೇ ಕನ್ಸೀಲರ್ ಡಬ್ಬಿ ಮುಚ್ಚಿಟ್ಟು, ಟೀಮಿನವರ ಜೊತೆ ನಿಂತು ವಾದ ಮಾಡಿ ಗೆದ್ದಳು. ಫೋನಲ್ಲಿ ವಿನ್ನಿ ಹಾರ್ಲೋ ಚಿತ್ರ ತೋರಿಸಿದಳು. ತೊನ್ನು ಇರುವ ಕೆನಡಾದ ಮಾಡೆಲ್, 2014ರಲ್ಲಿ ಅಮೆರಿಕದ ಟಿವಿ ಮಾಡೆಲಿಂಗ್ ಸ್ಪರ್ಧೆಗೆ ಬಂದು ಹೆಸರು ಮಾಡಿದವಳು. "ನೋಡಿ ಅಕ್ಕ, ಇವರು ಯಾವುದನ್ನೂ ಮುಚ್ಚಿಲ್ಲ" ಅಂದಳು. ಮೇಕಪ್ ಮಾಡಿದ ಹುಡುಗನಿಗೂ, ಲೈಟಿನ ಅಣ್ಣಂದಿರಿಗೂ ಥ್ಯಾಂಕ್ಸ್.

ಈ ಸಲ ಶರಣಬಸವೇಶ್ವರ ಜಾತ್ರೆಗೆ ಅರ್ಧತೋಳಿನಲ್ಲೇ ಹೋದೆ. ತೇರಿಗೆ ಬಾಳೆಹಣ್ಣು ಎಸೆಯಲು ಕೈ ಎತ್ತಿದಾಗ ಸುತ್ತ ಇದ್ದವರು ನೋಡಿದರು. ಒಬ್ಬಾಕೆ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರು ಹುಡುಗಿಯರು ಬಂದು ಸೆಲ್ಫಿ ಕೇಳಿದರು. ಎರಡೂ ಆಗುತ್ತೆ, ಇನ್ನೂ ಆಗ್ತಾನೇ ಇರುತ್ತೆ. ಬಿಳಿ ಮಚ್ಚೆಗೆ ಬಿಸಿಲು ಬೇಗ ಸುಡುತ್ತದೆ, ಅಲ್ಲಿ ಕಾಪಾಡುವ ಬಣ್ಣವೇ ಇಲ್ಲ. ಅದಕ್ಕೆ ಸನ್‌ಸ್ಕ್ರೀನ್ ಹಚ್ಚಿಯೇ ಹೊರಡುತ್ತೇನೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಈಗಲೂ ತುಂಬುತೋಳು ಹಾಕುತ್ತೇನೆ. ಅದು ಬಿಸಿಲಿಗೆ, ಜನಕ್ಕಲ್ಲ.

ಆಪಾ ಎಪಿಸೋಡನ್ನು ನಮ್ಮ ಮನೆಯಲ್ಲೇ ಕೂತು ನೋಡಿದರು. "ಎಡಗಡೆ ತೋಳು ಒಂದ್ ನೂಲು ಏರ್ಯದ" ಅಂದರು. ಅದನ್ನು ಸರಿಮಾಡಿ ಕೊಡ್ತೀನಿ ಅಂತ ಕುಪ್ಪಸ ಒಯ್ದಿದ್ದಾರೆ. ಆಪಾ, ನಿಮಗೆ ಶುಕ್ರಿಯಾ ಅಂದರೆ ಬೈತೀರಿ ಅಂತ ಗೊತ್ತು. ಆದರೂ ಎಲ್ಲರ ಎದುರು ಹೇಳಲೇಬೇಕು, ಹೇಳಿದ್ದೇನೆ.

ಕೊನೆಗೆ, ಆಳಂದದಿಂದ ಫೋನ್ ಮಾಡಿ ಮಗಳ ಬಗ್ಗೆ ಅತ್ತ ತಾಯಿಗೆ. ಅವತ್ತು ಆಫೀಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ, ಊಟ ಇಲ್ಲೇ. ಲಂಗಕ್ಕೆ ಬಟ್ಟೆ ಇದ್ದರೆ ತನ್ನಿ, ಆಪಾಗೆ ಹೇಳಿಟ್ಟಿದ್ದೇನೆ. ತೋಳು ಎಷ್ಟುದ್ದ ಇರಬೇಕು ಅಂತ ಅವಳನ್ನೇ ಕೇಳಿ ಹೊಲೀತಾರೆ.