ಕ್ಯಾಸೆಟ್ ಬಂತು, ಡ್ರಮ್ಮರ್ ಎದ್ದು ನಿಂತ

ನಮ್ಮ ಬ್ಯಾಂಡಿನ ಮೊದಲ ಕ್ಯಾಸೆಟ್ ಹೋದ ಶನಿವಾರ ಬಿಡುಗಡೆ ಆಯಿತು. ಜರ್ಮನಿಯ ಲೈಪ್‌ಜಿಗ್‌ನ ಕೊನ್ನೆವಿಟ್ಸ್ ಬಡಾವಣೆಯಲ್ಲಿ ನಾಲ್ಕೂ ಜನ ಒಟ್ಟಿಗೆ ಸ್ಟೇಜ್ ಹತ್ತಿದೆವು. ನಾಲ್ಕೂ ಜನ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಕಳೆದ ಚಳಿಗಾಲ ಶೋ ನಡುವೆಯೇ ನಮ್ಮ ಡ್ರಮ್ಮರ್‌ನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವನಿಗೆ ಏನಾಯಿತು ಅಂತ ಇದನ್ನು ಓದುವ ಬಹುತೇಕರಿಗೆ ಗೊತ್ತು, ಅದನ್ನೇ ಮತ್ತೆ ಬರೆಯುವುದಿಲ್ಲ. ಅವನು ನಮ್ಮ ಜೊತೆ ಇದ್ದಾನೆ, ನುಡಿಸುತ್ತಿದ್ದಾನೆ. ಬ್ಯಾಂಡಿನ ಪರವಾಗಿ ನಮ್ಮ ಹಾಡುಗಾರ್ತಿ ಜರ್ಮನ್‌ನಲ್ಲಿ ಆಗಲೇ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ್ದಾಳೆ. ಇದು ನನ್ನದು, ಕನ್ನಡದಲ್ಲಿ. ಯಾಕೆಂದರೆ ಆ ದಿನಗಳಲ್ಲಿ ಹಾಸನದಿಂದ, ಬೆಂಗಳೂರಿಂದ, ಮ್ಯೂನಿಕ್‌ನಿಂದ 'ಹುಡುಗ ಹೇಗಿದ್ದಾನೆ' ಅಂತ ದಿನಾ ವಿಚಾರಿಸಿದವರು ನೀವು. ಅವನ ಮುಖವನ್ನೂ ನೋಡದವರು ಅವನಿಗಾಗಿ ಹರಕೆ ಹೊತ್ತಿರಿ.

ನಮ್ಮ ಸಂಗೀತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಾವು ನುಡಿಸುವುದು ಪೋಸ್ಟ್-ಪಂಕ್. ಅದರಲ್ಲಿ ಪಂಕ್ ಅನ್ನುವ ಗದ್ದಲದ ರಾಕ್ ಸಂಗೀತದ ಸಿಟ್ಟು ಹಾಗೇ ಇರುತ್ತದೆ, ಆದರೆ ಗದ್ದಲ ಕಮ್ಮಿ, ಖಾಲಿ ಜಾಗ ಜಾಸ್ತಿ. ಗಿಟಾರ್ ತೆಳ್ಳಗೆ ಚುಚ್ಚುತ್ತದೆ, ರಾಗ ಹೆಚ್ಚಾಗಿ ಬೇಸ್ ಗಿಟಾರ್‌ನಲ್ಲೇ ನಡೆಯುತ್ತದೆ, ಡ್ರಮ್ ಹಟ ಹಿಡಿದು ಒಂದೇ ನಡೆಯಲ್ಲಿ ಸಾಗುತ್ತದೆ. ನಾನು ಬೇಸ್ ನುಡಿಸುವವನು. ಹಾಗಾಗಿ ಸ್ಟೇಜಿನ ಮೇಲೆ ನನ್ನ ಕಿವಿ ಸದಾ ಅವನ ಕಡೆಗೇ. 1980ರ ಹೊತ್ತಿಗೆ ಡುಸೆಲ್ಡಾರ್ಫ್, ಹ್ಯಾಂಬರ್ಗ್, ಪಶ್ಚಿಮ ಬರ್ಲಿನ್‌ಗಳ ಹುಡುಗ ಹುಡುಗಿಯರು ಇಂಗ್ಲಿಷ್ ಬಿಟ್ಟು ತಮ್ಮ ಭಾಷೆಯಲ್ಲೇ ಹೀಗೆ ಹಾಡಲು ಶುರು ಮಾಡಿದರು. ದೊಡ್ಡ ಕಂಪನಿ ಬಂದು ಕರೆಯಲಿ ಅಂತ ಕಾಯಲಿಲ್ಲ. ತಾವೇ ರೆಕಾರ್ಡ್ ಮಾಡಿದರು, ತಾವೇ ಕವರ್ ಅಂಟಿಸಿದರು, ತಾವೇ ಹಂಚಿದರು. ನಮ್ಮಂಥ ಸಣ್ಣ ಬ್ಯಾಂಡುಗಳು ಇವತ್ತೂ ಹೀಗೇ ನಡೆಯುವುದು. ಯಾವುದೋ ಊರಿನ ಯಾವುದೋ ಮನೆಯ ನೆಲಮಾಳಿಗೆಯಲ್ಲಿ ಶೋ. ಬಾಗಿಲಲ್ಲಿ ಕೈಲಾದಷ್ಟು ದುಡ್ಡು, ಇಲ್ಲದಿದ್ದರೆ ಟೋಪಿ ಸುತ್ತು ಹೊಡೆಯುತ್ತದೆ. ದೊಡ್ಡ ಪಾತ್ರೆಯಲ್ಲಿ ಬೇಳೆ ಸೂಪು ಮಾಡಿಟ್ಟಿರುತ್ತಾರೆ, ರಾತ್ರಿ ಮಲಗಲು ಮಹಡಿ ಮೇಲೆ ಹಾಸಿಗೆ ಕೊಡುತ್ತಾರೆ. ಮ್ಯಾನೇಜರ್ ಇಲ್ಲ, ಲಾಭವೂ ಇಲ್ಲ.

ಮೊದಲು ಎಲ್ಲರನ್ನೂ ನೆನೆಯುತ್ತೇನೆ. ಸಹಾಯಾರ್ಥ ಶೋ ಮಾಡಿ ಪ್ರಾಕ್ಟೀಸ್ ರೂಮಿನ ಬಾಡಿಗೆ ಕಟ್ಟಿಸಿಕೊಟ್ಟ ನಾಲ್ಕು ಬ್ಯಾಂಡಿನವರಿಗೆ, ಸ್ನೇರ್ ಡ್ರಮ್ ಸಾಲ ಕೊಟ್ಟ ಪಕ್ಕದ ಊರು ಹಾಲೆಯ ಗೆಳತಿಗೆ, ಕವರ್ ಪ್ರಿಂಟ್ ಹಾಕಿಕೊಟ್ಟವರಿಗೆ, ಸೂಪಿನ ಪಾತ್ರೆ ತೊಳೆದವರಿಗೆ, ವ್ಯಾನ್ ಕೊಟ್ಟು ಡೀಸೆಲ್ ದುಡ್ಡು ಬೇಡ ಅಂದವರಿಗೆ ನಾವು ಋಣಿ. ಆಸ್ಪತ್ರೆಯ ಖರ್ಚನ್ನು ಇಲ್ಲಿನ ಆರೋಗ್ಯ ವಿಮೆ ನೋಡಿಕೊಂಡಿತು. ಬಾಡಿಗೆಯನ್ನು ಯಾವ ವಿಮೆಯೂ ಕಟ್ಟುವುದಿಲ್ಲ, ಅದನ್ನು ಕಟ್ಟಿದ್ದು ಈ ಜನ. ಗೇಮಾ ಅನ್ನುವ ಹಕ್ಕುಸ್ವಾಮ್ಯ ಸಂಸ್ಥೆಯ ಫಾರಂಗಳನ್ನು ತುಂಬಿಕೊಟ್ಟ ಕಾನೂನು ವಿದ್ಯಾರ್ಥಿಗೆ ಬೇರೆಯಾಗಿಯೇ ಒಂದು ಥ್ಯಾಂಕ್ಸ್. ನಾವು ಅದರ ಸದಸ್ಯರಲ್ಲದಿದ್ದರೂ ಯಾವ ಯಾವ ಹಾಡು ನುಡಿಸಿದೆವು ಅಂತ ಶೋ ನಡೆಸಿದವರು ಪಟ್ಟಿ ಕೊಟ್ಟು ತೋರಿಸಬೇಕು. ಆ ತಿಂಗಳುಗಳಲ್ಲಿ ನಮಗ್ಯಾರಿಗೂ ಅದರ ಕಡೆ ಗಮನ ಕೊಡುವ ಶಕ್ತಿ ಇರಲಿಲ್ಲ.

ಈಗ ನಾನು ಬರೆಯಲೇಬೇಕು ಅಂತ ಕೂತ ವಿಷಯ. ನಮ್ಮ ಸೌಂಡ್ ನೋಡಿಕೊಳ್ಳುವವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಇಲ್ಲಿ ವಯಸ್ಸಿನ ಲೆಕ್ಕವಿಲ್ಲದೆ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅರವತ್ತು ದಾಟಿದವರನ್ನು ಹಾಗೆ ಕರೆಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಮನೆಗೆ ಫೋನ್ ಮಾಡಿದಾಗ ಅವರನ್ನು ದೊಡ್ಡಮ್ಮ ಅಂತಲೇ ಹೇಳುವುದು. ಇಲ್ಲೂ ಹಾಗೇ ಬರೆಯುತ್ತೇನೆ.

ಡ್ರಮ್ಮರ್ ಆಸ್ಪತ್ರೆ ಸೇರಿದ ಆ ರಾತ್ರಿ ಶೋ ಅರ್ಧಕ್ಕೆ ನಿಂತಿತು. ದೊಡ್ಡಮ್ಮ ಸೌಂಡ್ ಮಿಕ್ಸರ್ ಇದ್ದ ಹಾಗೇ ಬಿಟ್ಟು, ತಮ್ಮ ಹಳೇ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಆಂಬುಲೆನ್ಸ್ ಹಿಂದೆಯೇ ಬಂದರು. ಅವನ ಅಪ್ಪ ಅಮ್ಮ ಇರುವುದು ಫ್ರೈಬರ್ಗ್ ಕಡೆ, ದೇಶದ ಇನ್ನೊಂದು ಮೂಲೆ. ಅವರು ಬಂದು ಸೇರುವಾಗ ಬೆಳಗಾಗುವುದು ಖಂಡಿತ. ಅಲ್ಲಿಯವರೆಗೆ ನಮಗೆ ಯಾರೂ ಏನೂ ಹೇಳುವಂತಿಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ಅವನ ವಿಷಯ ಬೇರೆಯವರಿಗೆ ಹೇಳಬಾರದು ಅನ್ನುವುದು ಇಲ್ಲಿನ ಕಾನೂನು, ಅದು ಸರಿಯೂ ಹೌದು. ಆದರೆ ಆ ಕಾನೂನಿನ ಕಣ್ಣಿಗೆ ಬ್ಯಾಂಡಿನವರು ಯಾರೂ ಅಲ್ಲ. ನನಗೆ ಬರುವ ಜರ್ಮನ್ ಆ ಹೊತ್ತಿಗೆ ಪೂರ್ತಿ ಕೈಕೊಟ್ಟಿತ್ತು. ಕ್ಲಾಸಿನಲ್ಲಿ ಪಾಠ ಅರ್ಥವಾಗುತ್ತದೆ, ಅಂಗಡಿಯಲ್ಲಿ ಮಾತಾಡುತ್ತೇನೆ, ಅಲ್ಲಿ ಒಂದು ಪದ ಕಿವಿಗೆ ಬೀಳಲಿಲ್ಲ.

ದೊಡ್ಡಮ್ಮ ಗಾಬರಿಯಾಗಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಸ್ಟೇಜಿನಿಂದ ಹಾಗೇ ಬಂದಿದ್ದರಿಂದ ಕೇಬಲ್‌ಗೆ ಸುತ್ತುವ ಕಪ್ಪು ಟೇಪಿನ ಉರುಳೆ ಅವರ ಮುಂಗೈಯಲ್ಲಿ ಬಳೆಯ ಹಾಗೆ ಇತ್ತು. ಅದನ್ನು ತೆಗೆಯುವುದನ್ನೂ ಮರೆತಿದ್ದರು. ಆಗಾಗ ಎದ್ದು ಹೋಗಿ ಐಸಿಯು ಬಾಗಿಲ ಗಂಟೆ ಒತ್ತುತ್ತಿದ್ದರು. ನರ್ಸ್ ಬಂದು 'ಏನೂ ಹೇಳುವ ಹಾಗಿಲ್ಲ' ಅನ್ನುವ ಮೊದಲೇ ಇವರು ಕೇಳುತ್ತಿದ್ದರು: "ಏನಾಗಿದೆ ಅಂತ ಹೇಳಬೇಡಿ. ಅವನು ಈ ಬಾಗಿಲ ಆಚೆಗೇ ಇದ್ದಾನಾ? ಅಷ್ಟು ಸಾಕು." ನರ್ಸ್ ಸುಮ್ನೆ ತಲೆ ಆಡಿಸುತ್ತಿದ್ದರು. ದೊಡ್ಡಮ್ಮ ವಾಪಸ್ ಬಂದು ನನ್ನ ಪಕ್ಕ ಕೂತು "ಇದ್ದಾನೆ" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಹೋಗುತ್ತಿದ್ದರು. ಇಡೀ ರಾತ್ರಿ ನಾನು ಬದುಕಿದ್ದು ಆ ಒಂದು ಪದದ ಮೇಲೆ.

ನಡುನಡುವೆ ಅವರು ಮಾತಾಡಿದರು. ನಿಧಾನವಾಗಿ, ನನಗೆ ಅರ್ಥವಾಗುವ ಜರ್ಮನ್‌ನಲ್ಲಿ. ಅವರು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ, ಇದು ಪೂರ್ವ ಜರ್ಮನಿಗೆ ಸೇರಿದ್ದ ಕಾಲದಲ್ಲಿ. ಆಗ ಬ್ಯಾಂಡೊಂದು ಜನರ ಮುಂದೆ ನುಡಿಸಬೇಕಾದರೆ ಸರ್ಕಾರಿ ಸಮಿತಿಯ ಮುಂದೆ ಪರೀಕ್ಷೆ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಪಂಕ್ ಹುಡುಗರಿಗೆ ಅದು ಸಿಗುವ ಮಾತೇ ಇರಲಿಲ್ಲ. ಅವರಿಗೆ ಬಾಗಿಲು ತೆರೆದದ್ದು ಕೆಲವು ಚರ್ಚುಗಳು. 1983ರ ಏಪ್ರಿಲ್‌ನಲ್ಲಿ ಪಕ್ಕದ ಹಾಲೆಯ ಕ್ರಿಸ್ತುಸ್‌ಕಿರ್ಷೆ ಚರ್ಚಿನಲ್ಲಿ ದೇಶದ ಬೇರೆ ಬೇರೆ ಊರುಗಳಿಂದ ಪಂಕ್‌ಗಳು ಬಂದು ಸೇರಿದ್ದರು. ಆಗಿನ್ನೂ ಹುಡುಗಿಯಾಗಿದ್ದ ದೊಡ್ಡಮ್ಮ ಅಲ್ಲಿದ್ದರು. ಅದೇ ವರ್ಷ ರಹಸ್ಯ ಪೊಲೀಸ್ ಇಲಾಖೆ ಪಂಕ್‌ಗಳನ್ನು ಹತ್ತಿಕ್ಕಲು ಹೊರಟಿತು. ಅವರ ಗೆಳೆಯನೊಬ್ಬನನ್ನು ಕರೆದುಕೊಂಡು ಹೋದರಂತೆ. ಎಲ್ಲಿಗೆ ಅಂತ ಅವನ ಅಮ್ಮನಿಗೂ ಹೇಳಲಿಲ್ಲವಂತೆ. ಮುಂದಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಎದ್ದು ಹೋಗಿ ಗಂಟೆ ಒತ್ತಿದರು.

ಅವರು ಕ್ಯಾಸೆಟ್ ಕಾಪಿ ಮಾಡುವ ಕೆಲಸ ಕಲಿತದ್ದೂ ಆಗಲೇ. ಖಾಲಿ ಕ್ಯಾಸೆಟ್ ಒಂದಕ್ಕೆ ಆಗಿನ ದುಡ್ಡಿನಲ್ಲಿ 20 ಮಾರ್ಕ್. ಹುಡುಗರಿಗೆ ಅದು ದೊಡ್ಡ ಮೊತ್ತ. ಎರಡು ರೆಕಾರ್ಡರ್‌ಗಳನ್ನು ವೈರಿನಿಂದ ಜೋಡಿಸಿ, ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ತುಂಬಿಸಿಕೊಂಡು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬ್ಯಾಂಡ್ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರು, ಎಷ್ಟೋ ಸಲ ಅದನ್ನೂ ಬರೆಯುತ್ತಿರಲಿಲ್ಲ.

ಮೂರೂವರೆಗೆ ಅಮ್ಮನ ಫೋನ್ ಬಂತು. ಹಾಸನದಲ್ಲಿ ಆಗ ಬೆಳಿಗ್ಗೆ ಎಂಟು. ಅಮ್ಮ ಕೇಳಿದ ಮೊದಲ ಮಾತು ಏನು ಅಂತ ನಿಮಗೇ ಗೊತ್ತು: ಏನಾದ್ರೂ ತಿಂದ್ಯಾ? ಹೊಟ್ಟೆಗೆ ಏನೂ ಹೋಗಿರಲಿಲ್ಲ. ನನ್ನ ದನಿಯಿಂದಲೇ ದೊಡ್ಡಮ್ಮನಿಗೆ ತಿಳಿಯಿತು ಅನ್ನಿಸುತ್ತೆ. ಕಾರಿಗೆ ಹೋಗಿ ಬ್ರೆಡ್ಡು, ಚೀಸು, ಫ್ಲಾಸ್ಕಿನಲ್ಲಿದ್ದ ಪುದೀನಾ ಟೀ ತಂದರು. ತಿನ್ನುವವರೆಗೆ ಎದುರಿಗೇ ಕೂತಿದ್ದರು. ಅವನ ಅಪ್ಪ ಅಮ್ಮ ಬಂದು ಒಳಗೆ ಹೋದ ಮೇಲೂ ಅವರು ಹೊರಡಲಿಲ್ಲ. ಅವರು ಮನೆಗೆ ಹೊರಟದ್ದು ಅವನ ಅಮ್ಮ ಹೊರಗೆ ಬಂದು ನಮ್ಮಿಬ್ಬರ ಕೈ ಹಿಡಿದುಕೊಂಡ ಮೇಲೆ.

ಆಮೇಲಿನ ವಾರಗಳ ಬಗ್ಗೆ ಜಾಸ್ತಿ ಬರೆಯಲು ಆಗುವುದಿಲ್ಲ. ನನ್ನ ಫೋನಿನಲ್ಲಿ ಪ್ರಾಕ್ಟೀಸಿನ ರೆಕಾರ್ಡಿಂಗ್‌ಗಳಿವೆ. ಪ್ರತಿಯೊಂದೂ ಶುರುವಾಗುವುದು ಅವನ ದನಿಯಿಂದ: ಐನ್ಸ್, ತ್ಸ್ವೈ, ದ್ರೈ, ಫಿಯರ್. ನಾಲ್ಕು ಎಣಿಸುವಷ್ಟರಲ್ಲಿ ನಿಲ್ಲಿಸಿಬಿಡುತ್ತಿದ್ದೆ. ಇಪ್ಪತ್ತಮೂರು ವರ್ಷದ ಹುಡುಗ. ಯಾಕೆ ಅವನಿಗೇ? ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ತಿಳಿಯದೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಟ್ರಾಮಿನಲ್ಲಿ ಯಾರಾದರೂ ಬೆರಳಲ್ಲಿ ತಾಳ ಹಾಕಿದರೆ ಎದ್ದು ಬೇರೆ ಕಡೆ ಹೋಗುತ್ತಿದ್ದೆ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ.

ಇರಲಿ. ಮುಂದಿನದು ಒಳ್ಳೆಯ ಸುದ್ದಿ.

ಪ್ರಾಕ್ಟೀಸ್ ರೂಮಿನಿಂದ ಡ್ರಮ್ ಕಿಟ್ ಬಿಚ್ಚಿ ಇಡೋಣ ಅನ್ನುವ ಮಾತು ಬಂದಾಗ ದೊಡ್ಡಮ್ಮ ಖಡಾಖಂಡಿತವಾಗಿ ಬೇಡ ಅಂದರು. ಪ್ರತಿ ಬುಧವಾರ ಬಂದು ಅದರ ಧೂಳು ಒರೆಸಿದರು. ನಮ್ಮ ಮೂವರನ್ನೂ ಕೂರಿಸಿ, ಮೂಲೆಯಲ್ಲಿ ಬಿದ್ದಿದ್ದ ಡ್ರಮ್ ಮಷೀನ್ ಹಾಕಿ ನುಡಿಸಿ ಅಂದರು. ನುಡಿಸಿದೆವು. 'ಏಳು, ಏಳು' ಅಂತ ನಾನು ಕನ್ನಡದಲ್ಲೇ ಕೂಗುವ ಹಾಡು ಹುಟ್ಟಿದ್ದು ಆಗಲೇ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಆಸ್ಪತ್ರೆಗೆ ಕಳಿಸಿದವರೂ ಅವರೇ. ಮಷೀನಿನ ತಾಳ ಸತ್ತ ಹಾಗಿದೆ, ನಾನೇ ಬರುತ್ತೇನೆ ಅಂತ ಅವನು ವಾಪಸ್ ಬರೆದ. ಆ ಮೆಸೇಜನ್ನು ನಾವು ಮೂವರೂ ದೊಡ್ಡಮ್ಮನೂ ಎಷ್ಟು ಸಲ ಓದಿಕೊಂಡೆವೋ!

ಅವನು ಬಂದಾಗ ಎಡಗಾಲು ಮೊದಲಿನ ಹಾಗೆ ಇರಲಿಲ್ಲ, ಈಗಲೂ ಇಲ್ಲ. ಕೂತು ಪೆಡಲ್ ತುಳಿಯುವುದು ಕಷ್ಟ. ದೊಡ್ಡಮ್ಮ ಗುಜರಿಯಿಂದ ಒಂದು ಕಬ್ಬಿಣದ ತಗಡು ಹುಡುಕಿ ತಂದು ಹಗ್ಗದಲ್ಲಿ ನೇತುಹಾಕಿದರು. ಬರ್ಲಿನ್‌ನಲ್ಲಿ 1980ರಲ್ಲಿ ಶುರುವಾದ ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟೆನ್ ತಂಡದವರು ತಗಡು, ಪೈಪು, ಡ್ರಿಲ್ಲಿಂಗ್ ಮಷೀನುಗಳಿಂದಲೂ ಸಂಗೀತ ಮಾಡಿದವರು. ಹಾಗಾಗಿ ಈ ದೇಶದಲ್ಲಿ ತಗಡಿಗೂ ವಾದ್ಯದ ಮರ್ಯಾದೆ ಇದೆ. ಈಗ ಅವನು ನಿಂತೇ ನುಡಿಸುತ್ತಾನೆ. ಎದುರಿಗೆ ಫ್ಲೋರ್ ಟಾಮ್ ಅನ್ನುವ ಒಂದು ದೊಡ್ಡ ಡ್ರಮ್, ಸಾಲ ತಂದ ಸ್ನೇರ್, ಪಕ್ಕದಲ್ಲಿ ಆ ತಗಡು. ನನ್ನ ಪ್ರಕಾರ ನಮ್ಮ ಹಾಡುಗಳು ಮೊದಲಿಗಿಂತ ಚೆನ್ನಾಗಿವೆ. ಬೇಸ್‌ಗೆ ಇಷ್ಟು ಜಾಗ ಮೊದಲು ಯಾವತ್ತೂ ಸಿಕ್ಕಿರಲಿಲ್ಲ.

ಕ್ಯಾಸೆಟ್ ಅನ್ನು ಪ್ರಾಕ್ಟೀಸ್ ರೂಮಿನಲ್ಲೇ ರೆಕಾರ್ಡ್ ಮಾಡಿದೆವು. ಕಾಪಿ ಮಾಡಿದ್ದು ದೊಡ್ಡಮ್ಮನ ಅಡುಗೆಮನೆಯಲ್ಲಿ, ಒಂದೊಂದನ್ನೂ ಪೂರ್ತಿ ಓಡಿಸಿ. ಕಂಪನಿಗೆ ಕೊಟ್ಟಿದ್ದರೆ ಬೇಗ ಆಗುತ್ತಿತ್ತು. ಆದರೆ ಪ್ರತಿ ಕ್ಯಾಸೆಟ್ ಕೇಳಿಯೇ ಕೊಡಬೇಕು ಅನ್ನುವುದು ಅವರ ಹಟ. ಹಾಗಾಗಿ ನಿಮ್ಮ ಕೈಗೆ ಬರುವ ಪ್ರತಿಯೊಂದನ್ನೂ ಅವರು ಮೊದಲು ಕೇಳಿದ್ದಾರೆ. ಲೇಬಲ್ ಮೇಲಿನ ನೀಲಿ ಅಕ್ಷರ ಅವರದೇ.

ಶನಿವಾರ 'ಏಳು, ಏಳು' ಬಂದಾಗ ಕೊನ್ನೆವಿಟ್ಸ್‌ನ ಆ ಸಣ್ಣ ಹಾಲ್ ಪೂರ್ತಿ ಕನ್ನಡದಲ್ಲಿ ಕೂಗಿತು. ಅವನು ತಗಡಿಗೆ ಹೊಡೆದ ಹೊಡೆತಕ್ಕೆ ಹಗ್ಗ ಕಿತ್ತುಬಂತು. ದೊಡ್ಡಮ್ಮ ಮಿಕ್ಸರ್ ಬಿಟ್ಟು ಓಡಿಬಂದು ಹಾಡು ಮುಗಿಯುವವರೆಗೆ ತಗಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತರು. ಅವನು ಹೊಡೆಯುತ್ತಲೇ ಇದ್ದ.

ದೊಡ್ಡಮ್ಮ, ನಿಮಗೆ ಕನ್ನಡ ಬರುವುದಿಲ್ಲ. ಈ ಬುಧವಾರ ಪ್ರಾಕ್ಟೀಸ್ ಮುಗಿದ ಮೇಲೆ ಇದನ್ನು ನನಗೆ ಬಂದಷ್ಟು ಜರ್ಮನ್‌ನಲ್ಲಿ ನಿಮಗೆ ಓದಿ ಹೇಳುತ್ತೇನೆ. ದಯವಿಟ್ಟು ನಡುವೆ ಎದ್ದು ಕೇಬಲ್ ಸುತ್ತಲು ಹೋಗಬೇಡಿ, ಪೂರ್ತಿ ಕೇಳಿ.

ಹಾಸನ, ಬೆಂಗಳೂರಿನ ಗೆಳೆಯರಿಗೆ ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಪ್ಲೇಯರ್ ಇಲ್ಲದವರು ಹೇಳಿ, ಫೈಲ್ ಕಳಿಸುತ್ತೇನೆ. ಮುಂದಿನ ಶೋ ಹಾಲೆಯಲ್ಲಿ. ಸ್ನೇರ್ ಡ್ರಮ್ಮನ್ನು ಅಲ್ಲೇ ಅದರ ಒಡತಿಗೆ ಹಿಂತಿರುಗಿಸುತ್ತೇವೆ. ಆ ಕಡೆ ಇರುವವರು ಬನ್ನಿ, ಮಿಕ್ಸರ್ ಹತ್ತಿರ ಬಂದು ಅವರಿಗೊಂದು ನಮಸ್ಕಾರ ಹೇಳಿ ಹೋಗಿ.