ಮಗಳಿಗೊಂದು ಪತ್ರ: ಆ ಹುಳದ ಗೇಮ್ ಸಿಕ್ಕಿತು ಕಣೇ

ಪುಟ್ಟೀ,

ಭಾನುವಾರ ನೀನು ಫೋನ್ ಕುಕ್ಕಿದ ಮೇಲೆ ನಿಮ್ಮಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಮ್ಮ ಪ್ರಿಂಟಿಂಗ್ ಅಂಗಡಿ ಖಾಲಿ ಮಾಡುವಾಗ ಒಂದು ಮಾತು ಕೇಳಬಾರದಿತ್ತಾ ಅಂದೆಯಲ್ಲ, ಕೇಳಬೇಕಿತ್ತು. ಒಪ್ಪಿದೆ. ಆದರೆ ಆ ಡಬ್ಬದಲ್ಲಿದ್ದ ಫ್ಲಾಪಿಗಳಿಗೆ ಬೂಷ್ಟು ಹಿಡಿದು ಯಾವ ಕಾಲವಾಗಿತ್ತೋ. ಗುಜರಿಯವನು ಮಾನಿಟರ್, ಸಿಪಿಯು, ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟು ಎಲ್ಲ ತೂಕಕ್ಕೆ ಹಾಕಿಕೊಂಡ. ಫ್ಲಾಪಿಗೆ ತೂಕವೇ ಇಲ್ಲ ಅಂತ ಕಾಸು ಕೊಡದೆ ಗಾಡಿ ಮೇಲೆ ಎಸೆದುಕೊಂಡು ಹೋದ. ಅದರಲ್ಲಿ ನಿನ್ನ ಗೇಮ್ ಇದೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

"ಯಾವುದನ್ನೂ ಇಟ್ಟುಕೊಳ್ಳೋಕೆ ಬರಲ್ಲ ನಿಮಗೆ" ಅಂದೆ. ಅದೊಂದು ಮಾತು ನಾಟಿತು.

ಅದಕ್ಕೇ ಹುಡುಕೋಕೆ ಕೂತೆ. ನೀನು ಹೇಳಿದ್ದು ಮೂರೇ ಗುರುತು: ಪುಸ್ತಕದ ಹುಳ, ಯಾರದೋ ತಲೆ ಮೇಲೆ ಲೋಳೆ ಸುರಿಯೋದು, ಶುರುವಿನಲ್ಲಿ ಹುಡುಗಿಯಾಗಿ ಆಡ್ತೀಯೋ ಹುಡುಗನಾಗಿ ಆಡ್ತೀಯೋ ಅಂತ ಕೇಳೋದು. ನನಗೆ ನೆನಪಿದ್ದದ್ದು ಕಪ್ಪು ಸ್ಕ್ರೀನಿನಲ್ಲಿ ನೀನು ಒಂದೇ ಬೆರಳಲ್ಲಿ ಕಮಾಂಡ್ ಕುಟ್ಟುತ್ತಿದ್ದದ್ದು ಮಾತ್ರ. ಮೊದಲು 'ಬುಕ್‌ವರ್ಮ್' ಅಂತ ಹಾಕಿದೆ. ಹಸಿರು ಹುಳದ ಗೇಮ್ ಒಂದು ಬಂತು, ಅಕ್ಷರ ಜೋಡಿಸಿ ಪದ ಮಾಡೋದು. ಸಿಕ್ಕೇ ಬಿಟ್ಟಿತು ಅಂತ ನಿಮ್ಮಮ್ಮನನ್ನು ಕೂಗಿದೆ. ನೋಡಿದರೆ ಅದು ಪಾಪ್‌ಕ್ಯಾಪ್‌ನವರು 2003ರಲ್ಲಿ ಮಾಡಿದ್ದು. ಆಗ ನೀನು ಒಂಬತ್ತನೇ ಕ್ಲಾಸು, ಕಂಪ್ಯೂಟರ್ ಹತ್ತಿರ ಬರ್ತಾನೇ ಇರಲಿಲ್ಲ. ನೀನು ಆಡಿದ್ದು 97ರಲ್ಲಿ, ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ.

ಆಮೇಲೆ 'ಮ್ಯಾತ್ ರೆಸ್ಕ್ಯೂ' ಸಿಕ್ಕಿತು. ಅದರಲ್ಲಿ ಗ್ರಜಲ್ ಅನ್ನೋ ವಿಚಿತ್ರ ಪ್ರಾಣಿಗಳು ಅಂಕಿಗಳನ್ನ ಕದಿಯುತ್ತವೆ. ಆ ಮುಖ ನೋಡಿದ್ದೇ ತಡ, ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಆದರೆ ನೀನು ಲೆಕ್ಕ ಮಾಡುತ್ತಾ ಖುಷಿಯಾಗಿದ್ದದ್ದು ನನಗೆ ಯಾವತ್ತೂ ನೆನಪಿಲ್ಲ, ಹಾಗಾಗಿ ಅದಲ್ಲ ಅಂತ ಗ್ಯಾರಂಟಿ ಆಯಿತು. ಅದೇ ಕಂಪನಿಯದು ಬೇರೆ ಏನಿದೆ ಅಂತ ನೋಡಿದೆ. ಅಲ್ಲೇ ಇತ್ತು. 'ವರ್ಡ್ ರೆಸ್ಕ್ಯೂ', 1992. ಗ್ರಜಲ್‌ಗಳಿಗೆ ಓದೋಕೆ ಬರಲ್ಲ, ನಮಗೆ ಬರದಿದ್ದದ್ದು ಬೇರೆಯವರಿಗೂ ಬೇಡ ಅಂತ ಪುಸ್ತಕಗಳಿಂದ ಪದಗಳನ್ನೇ ಕದ್ದುಬಿಡುತ್ತವೆ. ಪದಕ್ಕೆ ಸರಿಯಾದ ಚಿತ್ರ ಹೊಂದಿಸಿ ನಾವು ವಾಪಸ್ ತರಬೇಕು. ಹುಳದ ಹೆಸರು ಬೆನ್ನಿ. ಲೋಳೆ ಸುರಿಯೋನು ಅವನೇ.

ಅಂಗಡಿಗೆ ಆ ಫ್ಲಾಪಿ ಬಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. 486 ಕಂಪ್ಯೂಟರ್ ಅಸೆಂಬಲ್ ಮಾಡಿಸಿದಾಗ "ಮಕ್ಕಳಿಗೆ ಇಟ್ಕೊಳ್ಳಿ ಸಾರ್" ಅಂತ ಒಂದು ಹಿಡಿ ಫ್ಲಾಪಿ ಕೊಟ್ಟಿದ್ದರು. ಹಗಲೆಲ್ಲ ಲಗ್ನಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು. ಸಂಜೆ ಏಳರ ಮೇಲೆ ಮೆಷಿನ್ ನಿನ್ನದು. ಆಗ ಕನ್ನಡ ಮೀಡಿಯಂನಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ನೀನು ಮೂರರಲ್ಲೇ ಕೇಕ್ ಅನ್ನೋದನ್ನ 'ಕಾಕೆ' ಅಂತ ಓದಿಕೊಂಡು, ಕೆಟ್ಟುಹೋದ ಪತ್ರಿಕೆಗಳ ಹಿಂದೆ ಪಟ್ಟಿ ಬರೆಯುತ್ತಿದ್ದೆ. ಯಾರದೋ ಮದುವೆ ಮುಹೂರ್ತದ ಹಿಂದೆ ನಿನ್ನ ಕಾಕೆ. ಅದನ್ನ ಬಂದವರಿಗೆಲ್ಲ ತೋರಿಸಿದ್ದೀನಿ, ನಿನಗೆ ಮಾತ್ರ ಒಂದು ಸಲವೂ ಭೇಷ್ ಅನ್ನಲಿಲ್ಲ.

ಈಗ ನಿಜವಾದ ವಿಷಯ. ಇದನ್ನ ಫೋನಿನಲ್ಲಿ ಹೇಳೋಕೆ ಆಗಲ್ಲ.

ಆ ಗೇಮಿಗೆ ಮೂರು ಭಾಗ ಇದೆ. ನಿನ್ನ ಹತ್ತಿರ ಇದ್ದದ್ದು ಮೊದಲನೆಯದು ಮಾತ್ರ. ಆಗ ಶೇರ್‌ವೇರ್ ಅಂತ ಪದ್ಧತಿ ಇತ್ತು. ಮೊದಲ ಭಾಗ ಪುಕ್ಕಟೆ, ಎಷ್ಟು ಜನಕ್ಕಾದರೂ ಕಾಪಿ ಮಾಡಿ ಕೊಡಿ ಅಂತ ಕಂಪನಿಯವರೇ ಹೇಳೋರು. ರುಚಿ ಹತ್ತಿದವರು ಮಿಕ್ಕಿದ್ದಕ್ಕೆ ದುಡ್ಡು ಕಳಿಸಬೇಕು. ಈ ಗೇಮ್ ಹೊರತಂದ ಅಪೋಜಿ ಕಂಪನಿ ಬೆಳೆದದ್ದೇ ಹಾಗೆ. ಅವರು ಇದ್ದದ್ದು ಟೆಕ್ಸಾಸ್‌ನ ಗಾರ್ಲೆಂಡ್‌ನಲ್ಲಿ, ನಾವು ತಿಪಟೂರಿನಲ್ಲಿ.

ಒಂದು ಸಂಜೆ ನೀನು ಮೊದಲ ಭಾಗ ಮುಗಿಸಿದೆ. ಸ್ಕ್ರೀನ್ ತುಂಬಾ ಇಂಗ್ಲಿಷ್ ಬಂತು. ನಾನು ಬಟರ್ ಪೇಪರ್ ಪ್ರಿಂಟ್ ತೆಗೆಯುತ್ತಿದ್ದೆ. "ಅಪ್ಪಾ, ಇಲ್ಲೇನು ಬರೆದಿದ್ದಾರೆ?" ಅಂತ ಕರೆದೆ. ಬಂದು ಓದಿದೆ. ಮಿಕ್ಕ ಭಾಗ ಬೇಕಿದ್ದರೆ ಹೀಗೆ ತರಿಸಿಕೊಳ್ಳಿ ಅಂತ ಇತ್ತು, ಡಾಲರ್ ಲೆಕ್ಕ ಇತ್ತು. ನಾನು ಹೇಳಿದೆ: "ಗೇಮ್ ಪೂರ್ತಿ ಮುಗೀತು, ಶಹಬ್ಬಾಸ್ ಅಂತ ಬರೆದಿದ್ದಾರೆ."

ನೀನು ಕುರ್ಚಿಯಿಂದ ಹಾರಿ ಬೀದಿಗೆ ಓಡಿದೆ. ಎದುರಿನ ಟೈಲರ್ ಅಂಗಡಿಯವರಿಗೆ ಹೇಳಿದೆ, ಬೇಕರಿಯವರಿಗೆ ಹೇಳಿದೆ. ಬೇಕರಿಯವರು ಒಂದು ದಿಲ್‌ಪಸಂದ್ ಪೀಸ್ ಕೊಟ್ಟರು. ಅದನ್ನ ಅರ್ಧ ಮಾಡಿ ನನಗೂ ತಂದುಕೊಟ್ಟೆ. ನಾನು ತಿಂದೆ.

ಡಾಲರ್ ಹೇಗೆ ಕಳಿಸೋದು ಅಂತ ನನಗೆ ಗೊತ್ತಿರಲಿಲ್ಲ, ಅದು ನಿಜ. ಅಂಗಡಿಯ ಸಾಲ ಇತ್ತು, ಅದೂ ನಿಜ. ಆದರೆ "ಇನ್ನೂ ಎರಡು ಭಾಗ ಇದೆ, ನಮ್ಮ ಹತ್ತಿರ ದುಡ್ಡಿಲ್ಲ" ಅನ್ನೋಕೆ ಏನಾಗಿತ್ತು? ಎಂಟು ವರ್ಷದ ನಿನಗೆ ಅರ್ಥ ಆಗೋದು. ಬೇರೆ ಎಷ್ಟೋ ವಿಷಯಕ್ಕೆ ದುಡ್ಡಿಲ್ಲ ಅಂತ ಹೇಳಿದ್ದೀನಿ, ನೀನು ಒಂದು ದಿನವೂ ಹಟ ಮಾಡಿದವಳಲ್ಲ. ಇದೊಂದಕ್ಕೆ ಯಾಕೆ ಸುಳ್ಳು ಬಂತೋ. ನಿನ್ನ ಮುಖ ನೋಡಿ ಬಂತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೀನಿ. ಪ್ರಿಂಟ್ ಅವಸರ ಇತ್ತು, ಅದೂ ಇರಬಹುದು.

ನನ್ನನ್ನ ಈಗ ಕೊರೆಯೋದು ಅದೂ ಅಲ್ಲ. ನೀನು ಅದನ್ನ ಮತ್ತೆ ಮತ್ತೆ ಆಡಿದೆ. ಪ್ರತಿ ಸಲವೂ ಕೊನೆಗೆ ಅದೇ ಸ್ಕ್ರೀನ್. ಆಡ್ತಾ ಆಡ್ತಾ ಓದೋಕೆ ಕಲಿತೆ. ಆರನೇ ಕ್ಲಾಸಿನಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟೆ. "ಬೋರು" ಅಂದೆ, ಫ್ಲಾಪಿಯನ್ನ ನೀನೇ ಡಬ್ಬದಲ್ಲಿ ಇಟ್ಟೆ. ಆ ದಿನ ಅದನ್ನ ಓದಿದೆಯಾ? ಓದಿಯೂ ನನ್ನನ್ನ ಕೇಳಲಿಲ್ಲವಾ? ಹುಡುಗಿ ದೊಡ್ಡವಳಾದಳು ಅಂತ ನಾನು ಸುಮ್ಮನಾದೆ. ಮೊನ್ನೆ ರಾತ್ರಿ ಮೂರು ಗಂಟೆಗೆ ಎದ್ದು ಕೂತು ಯೋಚನೆ ಮಾಡಿದೆ. ಆಮೇಲೆ ಪಿಯುಸಿ ಸೈನ್ಸ್ ಸೀಟು, ಹಾಸ್ಟೆಲ್ ವಿಷಯ, ಯಾವುದಕ್ಕೂ ನೀನು ನನ್ನ ಮಾತು ಪೂರ್ತಿ ನಂಬಲಿಲ್ಲ. ಎಲ್ಲವನ್ನೂ ಒಂದು ಸಲ ನೀನೇ ಓದಿ ನೋಡಿ ಸೈನ್ ಹಾಕ್ತಿದ್ದೆ. ಒಳ್ಳೇ ಅಭ್ಯಾಸವೇ. ಎಲ್ಲಿಂದ ಬಂತು ಅಂತ ಯೋಚನೆ.

ಬುದ್ಧಿ ಹೇಳೋಕೆ ಈ ಪತ್ರ ಬರೆಯಬಾರದು ಅಂದುಕೊಂಡಿದ್ದೆ. ಆದರೂ ಒಂದು ಮಾತು. ನಿನ್ನ ಮಗಳಿಗೆ ಈ ಗೇಮ್ ಕೊಟ್ಟು ನೀನು ಮೀಟಿಂಗಿಗೆ ಹೋಗಬೇಡ. ಪಕ್ಕದಲ್ಲಿ ಕೂತುಕೋ. ಮತ್ತೆ, ಅವಳು ವಿಡಿಯೋ ಕಾಲ್‌ನಲ್ಲಿ ನನ್ನನ್ನ "ತಾತಾ" ಅಂತ ಕರೆದು ಮುಂದಿನದ್ದೆಲ್ಲ ಇಂಗ್ಲಿಷಿನಲ್ಲೇ ಹೇಳ್ತಾಳೆ. ಡಬ್ಲಿನ್‌ನಲ್ಲಿ ಇಂಗ್ಲಿಷ್ ಕಲಿಸೋಕೆ ಅವಳಿಗೆ ಬೆನ್ನಿ ಬೇಕಾಗಿಲ್ಲ, ಕನ್ನಡಕ್ಕೆ ಬೇಕು. ಚಿತ್ರ ತೋರಿಸಿ ನೀನು ಕನ್ನಡದ ಪದ ಹೇಳು. ದಿನಕ್ಕೆ ಹತ್ತು ನಿಮಿಷ ಸಾಕು. ರಾತ್ರಿ ಊಟ ಮಾಡುವಾಗ ಫೋನ್ ಬೇರೆ ರೂಮಿನಲ್ಲಿ ಇಡು, ಅಳಿಯಂದಿರಿಗೂ ಹೇಳು... ಸರಿ, ನಿಲ್ಲಿಸಿದೆ.

ಮೂರೂ ಭಾಗ ಈಗ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾರಾಟಕ್ಕಿದೆ. ನಾನು ಅಂದು ಹೆದರಿದಷ್ಟು ದುಡ್ಡೇನೂ ಅಲ್ಲ. ಕೊಂಡುಕೊಂಡೆ. ಈಗಿನ ವಿಂಡೋಸ್‌ನಲ್ಲಿ ಆ ಕಪ್ಪು ಸ್ಕ್ರೀನಿನ ಕಾಲದ ಡಾಸ್ ಪ್ರೋಗ್ರಾಂ ನೇರವಾಗಿ ಓಡಲ್ಲ, ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಬೇಕು. ಹೊಸ ಕಂಪ್ಯೂಟರಿನ ಒಳಗೆ ಕೂತು ಹಳೇ ಕಂಪ್ಯೂಟರ್ ಥರ ನಾಟಕ ಆಡುತ್ತೆ ಅದು. ಮೊದಲು ಅಂಗಡಿಯಲ್ಲಿದ್ದ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ಅವನು ಫೋನಿನಲ್ಲೇ ಹೇಳಿಕೊಟ್ಟ.

ಮೊದಲ ಭಾಗ ನಿನ್ನೆ ಆಡಿದೆ. ಹುಡುಗಿ ಅಂತಲೇ ಆರಿಸಿಕೊಂಡೆ. ಎರಡು ಸಲ ಗ್ರಜಲ್ ಹತ್ತಿರ ಸಿಕ್ಕಿಹಾಕಿಕೊಂಡೆ. ಬೆನ್ನಿಯನ್ನ ಕರೆಯೋಕೆ ಯಾವ ಕೀ ಒತ್ತಬೇಕು ಅಂತ ನೆನಪಿಲ್ಲ. ಹೆಲ್ಪ್‌ನಲ್ಲಿ ಬರೆದಿರುತ್ತದೆ, ನಾನು ಓದಲಿಲ್ಲ. ಎರಡನೇ ಭಾಗ ತೆರೆದಿಲ್ಲ, ಹಾಗೇ ಇಟ್ಟಿದ್ದೀನಿ.

ಭಾನುವಾರ ಫೋನ್ ಮಾಡಿ ಆ ಕೀ ಯಾವುದು ಹೇಳು. ಬೇಜಾರು ಹೋಗಿಲ್ಲ ಅಂದರೆ ನಿಮ್ಮಮ್ಮನ ಹತ್ತಿರ ಹೇಳಿದರೂ ನಡೆಯುತ್ತೆ.

ಅಪ್ಪ